ಹುಟ್ಟುಹಬ್ಬದ ತಟ್ಟೆ: ಹಾವೇರಿ ಸೀಮೆಯ ತಾಯಿತಂದೆಯರಿಗೆ ಒಂದು ಬಹಿರಂಗ ಪತ್ರ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪಟ್ಟಣಗಳಲ್ಲಿಯೂ ಅವುಗಳ ಸುತ್ತಣ ಗ್ರಾಮಗಳಲ್ಲಿಯೂ ಎಳೆಯ ಮಕ್ಕಳನ್ನು ಸಲಹುತ್ತಿರುವ ಮಾನ್ಯ ತಾಯಿತಂದೆಯರಲ್ಲಿ ಸವಿನಯ ವಿಜ್ಞಾಪನೆ.

ಈ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಅಕ್ಕೋರು ಎನ್ನಿಸಿಕೊಂಡು ಪಾಠ ಹೇಳಿ, ಈಗ ನಿವೃತ್ತಳಾಗಿ ಹಾವೇರಿಯಲ್ಲಿ ನೆಲೆಸಿರುವ ನನಗೆ, ಅಂದು ನನ್ನೆದುರು ಪಾಟಿ ಹಿಡಿದು ಕುಳಿತಿದ್ದವರೇ ಇಂದು ಗೃಹಸ್ಥರಾಗಿ ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಬರಹೇಳುವಾಗ ಇಲ್ಲವೆನ್ನುವುದು ಸಾಧ್ಯವಾಗುವುದಿಲ್ಲ. ಹೋದಲ್ಲೆಲ್ಲ ಆದರಕ್ಕೆ ಕೊರತೆಯಿಲ್ಲ. ಮಕ್ಕಳ ಮೇಲಿನ ಮಮತೆಗಂತೂ ಎಲ್ಲೆಯೇ ಇಲ್ಲ. ಆದರೆ ಆ ಮಮತೆಯು ತಟ್ಟೆಗೆ ಇಳಿಯುವ ಹೊತ್ತಿಗೆ ಯಾವ ರೂಪವನ್ನು ತಾಳುತ್ತದೆಂಬುದನ್ನು ಕಂಡು, ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದ ಕೆಲವು ಮಾತುಗಳನ್ನು ಇಂದು ತಮ್ಮೆಲ್ಲರ ಮುಂದೆ ಒಟ್ಟಾಗಿ ನಿವೇದಿಸುತ್ತಿದ್ದೇನೆ. ಒಂದು ಮನೆಯಲ್ಲಿ ಆಡಿದರೆ ಆ ಮನೆಯವರನ್ನೇ ಆಕ್ಷೇಪಿಸಿದಂತಾದೀತು, ಉಂಡ ಮನೆಯಲ್ಲಿ ಹಾಗೆ ಆಡುವುದು ಸೌಜನ್ಯವೂ ಅಲ್ಲ.

ಕಂಡದ್ದನ್ನು ಮೊದಲು ಹೇಳುವೆನು. ಸಂಜೆ ಏಳಕ್ಕೆಂದು ಕರೆದ ಸಮಾರಂಭವು ಎಂಟೂವರೆಗೆ ಮೊದಲಾಗುತ್ತದೆ. ಫೋಟೊ ತೆಗೆಯುವವನ ಅಪ್ಪಣೆಯಾಗದೆ ಕೇಕು ಕತ್ತರಿಸುವಂತಿಲ್ಲ. ಅಪ್ಪಣೆಯಾಗುವಷ್ಟರಲ್ಲಿ ಐದು ವರ್ಷದ ಉತ್ಸವಮೂರ್ತಿಯು ಹಸಿದು, ತೂಕಡಿಸಿ, ಹೊಸ ಅಂಗಿಯ ಜರಿ ಕೊರಳಿಗೆ ಚುಚ್ಚುತ್ತಿರುವುದೆಂದು ಅತ್ತು, ಯಾರದೋ ಹೆಗಲ ಮೇಲೆ ಮಲಗಿಬಿಟ್ಟಿರುತ್ತದೆ. ಎಬ್ಬಿಸಿ ತಂದು ಕತ್ತಿ ಹಿಡಿಸಿ ಮುಗಿಸಿದ ಮೇಲೆ ನೆರೆದ ಮಕ್ಕಳ ಕೈಗೆ ಬರುವುದು ಒಂದು ತುಂಡು ಕೇಕು, ಒಂದು ಹಿಡಿ ಚಿಪ್ಸು, ತಣ್ಣಗಾದ ಸಮೋಸಾ, ಬಟ್ಟಲಿನಲ್ಲಿ ಕಡುಗೆಂಪು ಗೋಬಿ ಮಂಚೂರಿ, ಅದರ ಮೇಲೊಂದು ಲೋಟ ಬಣ್ಣದ ತಂಪುಪಾನೀಯ. ಮಗುವು ಕೇಕಿನ ಮೇಲಣ ಹೂವನ್ನಷ್ಟು ನೆಕ್ಕಿ, ಚಿಪ್ಸನ್ನು ತಿಂದು, ಸಮೋಸಾದ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಉಳಿದುದನ್ನು ಮೆಲ್ಲನೆ ಕುರ್ಚಿಯ ಕೆಳಗೆ ಸರಿಸುತ್ತದೆ. ನೆಲ ಗುಡಿಸಲು ಬಂದ ಹೆಣ್ಣುಮಗಳು ಆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿರುವಾಗ ನಾನು ನೋಡಿದ್ದೇನೆ. ಹೆಚ್ಚಿನವು ಅರ್ಧ ತುಂಬಿದವೇ. ಮರುದಿನ ತರಗತಿಯಲ್ಲಿ ಹೊಟ್ಟೆನೋವೆಂದು ಮನೆಗೆ ಹೋಗುವವರ ಹೆಸರುಗಳನ್ನು ಬರೆದುಕೊಳ್ಳುವ ಕೆಲಸವನ್ನೂ ನಾನು ಮಾಡಿದವಳೇ.

ಈ ಮಾತನ್ನು ಒಮ್ಮೆ ಒಬ್ಬ ತಾಯಿಯೊಡನೆ ಎತ್ತಿದಾಗ ಆಕೆ ಕೊಟ್ಟ ಉತ್ತರವು ನ್ಯಾಯವಾದುದಾಗಿತ್ತು: ‘ನೀವು ಹೇಳೂದು ಖರೆ ಐತ್ರಿ ಅಕ್ಕೋರೆ, ಆದ್ರ ದುಡಿಯಾಕ ಹೋಗಿ ಬಂದು ಇಪ್ಪತ್ತು ಹುಡುಗ್ರಿಗೆ ಅಡಿಗಿ ಮಾಡಾಕ ಯಾರ ಕಡಿಂದ ಆಗತೈತ್ರಿ? ಒಂದ್ ಫೋನ್ ಮಾಡಿದ್ರ ಎಲ್ಲಾ ಮನಿಗೆ ಬರತೈತಿ.’ ಹೌದು, ಸೌಲಭ್ಯವನ್ನು ಅಪೇಕ್ಷಿಸುವುದು ಅಪರಾಧವಲ್ಲ. ಹೋಳಿಗೆ ಮಾಡಿರಿ, ಕಡುಬು ಕಟ್ಟಿರಿ, ಹಿಂದಿನವರಂತೆ ನಸುಕಿನಲ್ಲೆದ್ದು ಒಲೆಯ ಮುಂದೆ ಬೆವರಿರಿ ಎಂದು ದುಡಿಯುವ ಹೆಣ್ಣುಮಗಳಿಗೆ ಉಪದೇಶಿಸುವ ಹಿರಿಯರ ಸಾಲಿಗೆ ಸೇರಲು ನನಗೆ ಇಷ್ಟವಿಲ್ಲ. ನನ್ನ ವಾದವು ಬೇರೆಯದು: ಫೋನಿನಿಂದ ಬರುವುದಕ್ಕಿಂತ ಸುಲಭವಾದುದು, ಅಗ್ಗವಾದುದು, ಮಕ್ಕಳು ತಟ್ಟೆಯಲ್ಲಿ ಬಿಡದೆ ತಿನ್ನುವಂಥದು ತಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿಯೇ ಇದೆ, ಅದನ್ನು ಹಬ್ಬದ ತಿನಿಸೆಂದು ಒಪ್ಪಿಕೊಳ್ಳಲು ಮಾತ್ರ ನಾವು ಸಂಕೋಚಪಡುತ್ತಿದ್ದೇವೆ.

ಸಂಕೋಚಕ್ಕೆ ಆಧಾರವೇನು? ಈ ಸೀಮೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ನೆರೆಹೊರೆಗೆ ಹಂಚುವುದು ಗುಗ್ಗರಿಯನ್ನು. ಕಡಲೆಯನ್ನೋ ಅಲಸಂದಿಯನ್ನೋ ನೆನೆಹಾಕಿ, ಉಪ್ಪು ಹಾಕಿ ಬೇಯಿಸಿದ ಕಾಳು. ಮಗುವು ಲೋಕಕ್ಕೆ ಬಂದುದಕ್ಕಾಗಿ ನಡೆಯುವ ಮೊತ್ತಮೊದಲ ಔತಣವೇ ಇದು, ಇದಕ್ಕಿಂತ ಸುಲಭವಾದ ಅಡಿಗೆ ಇನ್ನೊಂದಿಲ್ಲ. ಸಂಕ್ರಮಣದಲ್ಲಿ ಕೆಲವು ಮನೆತನಗಳವರು ಎಳೆಯ ಮಗುವನ್ನು ಮಣೆಯ ಮೇಲೆ ಕುಳ್ಳಿರಿಸಿ ಚುರುಮುರಿ, ಬಾರಿಹಣ್ಣು, ಕಬ್ಬಿನ ತುಂಡುಗಳನ್ನು ನೆತ್ತಿಯ ಮೇಲೆ ಎರೆಯುತ್ತಾರೆ. ಸುತ್ತ ನೆರೆದ ಮಕ್ಕಳು ಕೇಕೆ ಹಾಕಿ ಆಯ್ದು ತಿನ್ನುತ್ತಾರೆ. ಇನ್ನು ಶ್ರಾವಣದ ಪಂಚಮಿಯಂತೂ ಉತ್ತರ ಕರ್ನಾಟಕದ ಮಕ್ಕಳ ಹಬ್ಬವೇ ಸರಿ: ಮರಕ್ಕೆ ಜೋಕಾಲಿ, ಕಿಸೆಯಲ್ಲಿ ಜೋಳದ ಅಳ್ಳು, ಮನೆಯ ಡಬ್ಬಿಗಳಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಹೆಸರುಂಡಿ, ಪುಠಾಣಿ ಉಂಡಿ, ರವೆ ಉಂಡಿ, ಬೇಸನ್ ಉಂಡಿ. ಉಂಡಿಯ ಗುಣವೇನೆಂದರೆ ಅದಕ್ಕೆ ತಟ್ಟೆ ಬೇಡ, ಚಮಚ ಬೇಡ, ಕುಳಿತು ತಿನ್ನಬೇಕೆಂಬ ನಿಯಮವೂ ಬೇಡ; ಆಟದ ನಡುವೆ ಓಡಿಬಂದು ಒಂದನ್ನು ತಿಂದು ಮರಳಿ ಓಡುವ ಮಗುವಿಗೆ ಅಳತೆ ನೋಡಿ ಮಾಡಿದ ತಿನಿಸು ಅದು.

ಪ್ರಾಚೀನವಾದುದೆಲ್ಲವೂ ಪರಿಶುದ್ಧವೆಂದು ಸಾಧಿಸುವ ಹಟ ನನಗಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗೌರಿ ಹುಣ್ಣಿವೆಗೆ ನಾವು ಹೆಣ್ಣುಮಕ್ಕಳಿಗೆ ಕೊಡುವ ಸಕ್ಕರೆ ಆರತಿಯು ಬರಿಯ ಸಕ್ಕರೆಯೇ. ಅದಕ್ಕೂ ಬಣ್ಣ ಹಾಕುವವರುಂಟು. ಅದು ವರ್ಷಕ್ಕೊಮ್ಮೆ ಬರುತ್ತದೆ, ಕೇಕಿನ ಪೆಟ್ಟಿಗೆಯು ತರಗತಿಯಲ್ಲಿ ಎಷ್ಟು ಮಕ್ಕಳಿರುವರೋ ಅಷ್ಟು ಸಲ ಬರುತ್ತದೆ, ವ್ಯತ್ಯಾಸವಿರುವುದು ಇಷ್ಟೆ.

ಬಣ್ಣದ ಮಾತು ಬಂದುದರಿಂದ, ಬ್ಯಾಡಗಿಯವರಾದ ತಾವು ವಿಶೇಷವಾಗಿ ಲಾಲಿಸಬೇಕೆಂದು ಬೇಡುತ್ತೇನೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತಮ್ಮೂರ ಮೆಣಸಿನಕಾಯಿಯು, ಮೋಟಾದ ಡಬ್ಬಿ ತಳಿಯಾಗಲಿ ನೀಳವಾದ ಕಡ್ಡಿ ತಳಿಯಾಗಲಿ, ಖಾರ ಕಡಿಮೆಯಿದ್ದು ಬಣ್ಣ ಅಧಿಕವಾಗಿರುವ ಕಾರಣದಿಂದಲೇ ಜಗತ್ತಿನಲ್ಲಿ ಹೆಸರಾಯಿತು. ಅದರಿಂದ ಕಾರ್ಖಾನೆಗಳಲ್ಲಿ ತೆಗೆಯುವ ಓಲಿಯೊರೆಸಿನ್ ಎಂಬ ಕೆಂಪು ಸಾರವು ಪರದೇಶಗಳ ತಿನಿಸುಗಳಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಹೀಗಿರುವಲ್ಲಿ, ಆ ಕೆಂಪನ್ನು ಬೆಳೆದು, ಒಣಗಿಸಿ, ತೊಟ್ಟು ಬಿಡಿಸಿ, ಚೀಲಕ್ಕೆ ತುಂಬುವವರ ಮಕ್ಕಳ ತಟ್ಟೆಗೆ ಬರುವ ಗೋಬಿಯ ಕೆಂಪು ಯಾವುದು? 2024ರಲ್ಲಿ ರಾಜ್ಯದ ಆಹಾರ ಸುರಕ್ಷಾ ಇಲಾಖೆಯು ಪರೀಕ್ಷಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಕಂಡುಬಂದಿತು. ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ, ಬಟ್ಟೆಗೆ ಹಾಕತಕ್ಕ, ಆಹಾರದಲ್ಲಿ ಎಂದೂ ಅನುಮತಿಯಿಲ್ಲದ ಬಣ್ಣವೂ ಸಿಕ್ಕಿತು. ಇವುಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿ ಆಗ ಆರೋಗ್ಯ ಸಚಿವರಾಗಿದ್ದ ದಿನೇಶ್ ಗುಂಡೂರಾವ್ ಅವರು ಪ್ರಕಟಿಸಿದ್ದು 2024ರ ಮಾರ್ಚ್ 11ರಂದು. ತಮಗೆ ಆ ದಿನಾಂಕವು ಇನ್ನೊಂದು ಕಾರಣಕ್ಕಾಗಿ ನೆನಪಿರಬೇಕು: ಮೆಣಸಿನಕಾಯಿಯ ಧಾರಣೆ ಕುಸಿಯಿತೆಂದು ರೊಚ್ಚಿಗೆದ್ದ ರೈತರಿಂದ ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದುದೂ ಅಂದೇ. ನಿಜವಾದ ಕೆಂಪಿಗೆ ಬೆಲೆಯಿಲ್ಲದೆ ಹೋದ ದಿನವೇ ಸುಳ್ಳು ಕೆಂಪನ್ನು ತಡೆಯಲು ಆಜ್ಞೆ ಹೊರಡಿಸಬೇಕಾಯಿತೆಂಬುದು ಕೇವಲ ಕಾಕತಾಳೀಯವೇ ಇರಬಹುದು. ಆದರೂ ಆ ದಿನದ ಎರಡು ವಾರ್ತೆಗಳನ್ನು ಒಟ್ಟಿಗೆ ಓದಿದವರಿಗೆ ಅದು ಸುಲಭವಾಗಿ ಮರೆಯುವಂಥದಲ್ಲ.

ಕೇಕಿನ ವಿಷಯದಲ್ಲಿ ನಾನು ಅಷ್ಟು ಕಠಿಣಳಲ್ಲ. ಅದೇ ವರ್ಷ ಬೆಂಗಳೂರಿನ ಬೇಕರಿಗಳ ಕೇಕುಗಳನ್ನು ಪರೀಕ್ಷಿಸಿದಾಗ 235 ಮಾದರಿಗಳಲ್ಲಿ ದೋಷ ಕಂಡುಬಂದುದು 12ರಲ್ಲಿ ಮಾತ್ರ. ಅದೂ ಮುಖ್ಯವಾಗಿ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಮುಂತಾದ ಗಾಢವರ್ಣದವುಗಳಲ್ಲಿ. ಆದುದರಿಂದ ಕೇಕೇ ಬೇಡವೆಂದು ಮಗುವಿನ ಮನಸ್ಸನ್ನು ನೋಯಿಸತಕ್ಕದ್ದಲ್ಲ. ಚಿಕ್ಕದೊಂದು ಕೇಕು ಇರಲಿ, ಅದರ ಮೇಲಣ ಕೆನೆಯು ಬಿಳಿಯದಾಗಿರಲಿ, ಬಣ್ಣ ಹಾಕಬೇಡಿರೆಂದು ಬೇಕರಿಯವರಿಗೆ ಮೊದಲೇ ಹೇಳಿರಿ. ಗಿರಾಕಿಯು ಕೇಳಿದರೆ ಅವರು ಮಾಡಿಯೇ ಕೊಡುವರು. ಕೇಕು ತರಲು ಅನುಕೂಲವಿಲ್ಲದ ಮನೆಯಲ್ಲಿ ಬಿಸಿ ಶಿರಾವನ್ನು ತುಪ್ಪ ಸವರಿದ ಬಟ್ಟಲಿಗೆ ಅದುಮಿ, ತಟ್ಟೆಯ ಮೇಲೆ ಬೋರಲು ಹಾಕಿ, ದ್ರಾಕ್ಷಿ ಗೋಡಂಬಿಗಳಿಂದ ಮಗುವಿನ ಹೆಸರು ಬರೆದರೆ, ಕತ್ತರಿಸುವ ಸಂಭ್ರಮಕ್ಕೆ ಏನೇನೂ ಲೋಪವಾಗುವುದಿಲ್ಲ. ಆದರೆ ಮೇಜಿನ ಮೇಲೆ ಹೊಗೆಯೆಬ್ಬಿಸುವ ತಿನಿಸುಗಳನ್ನು ಮಾತ್ರ ದಯವಿಟ್ಟು ತರಿಸಬೇಡಿರಿ. 2024ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ದಾವಣಗೆರೆಯಲ್ಲಿಯೇ ವಸ್ತುಪ್ರದರ್ಶನದಲ್ಲಿ ಹೊಗೆಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡ ಬಾಲಕನು ನೋವಿನಿಂದ ಚೀರಿದ ಮೇಲೆ, ದ್ರವರೂಪದ ಸಾರಜನಕವನ್ನು ಹೀಗೆ ತಿನಿಸಿನೊಡನೆ ಕೊಡುವುದನ್ನು ಸರ್ಕಾರವು ನಿಷೇಧಿಸಿತು.

ಹಾಗಾದರೆ ಏನನ್ನು ಮಾಡಬೇಕು? ನನ್ನ ಕಣ್ಣಾರೆ ಕಂಡ ಒಂದು ಹುಟ್ಟುಹಬ್ಬವನ್ನೇ ಹೇಳುತ್ತೇನೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯ ಒಬ್ಬ ತಾಯಿ, ಓಣಿಯ ಉಳಿದ ಮನೆಗಳಂತೆ ತಾನೂ ಬಾಡಿಗೆಯ ಹಾಲ್ ಹಿಡಿದು ಮಗಳ ಹುಟ್ಟುಹಬ್ಬ ಮಾಡಬೇಕೆಂದು ಸಾಲಕ್ಕೆ ಓಡಾಡುತ್ತಿದ್ದಳು. ಸುಗ್ಗಿಯ ಕಾಲ, ರಜೆ ಪಡೆದರೆ ಕೂಲಿ ತಪ್ಪುತ್ತದೆ. ಅವಳ ಅತ್ತೆಯು ತಡೆದು, ‘ಸಾಲಾ ಮಾಡಿ ಹಬ್ಬ ಮಾಡೂದ್ ಬ್ಯಾಡವ್ವಾ, ಆದಿತ್ಯವಾರ ಮನ್ಯಾಗ ಮಾಡೂಣು’ ಎಂದಳಂತೆ. ಆ ಆದಿತ್ಯವಾರ ನಾಲ್ಕು ಗಂಟೆಗೆ ಅಂಗಳದಲ್ಲಿ ಒಂದು ದೊಡ್ಡ ಪರಾತದ ತುಂಬ ಮಂಡಕ್ಕಿ, ಸುತ್ತಲೂ ಚಿಕ್ಕ ಬಟ್ಟಲುಗಳಲ್ಲಿ ಸೌತೆಕಾಯಿ, ಗಜ್ಜರಿ, ಟೊಮ್ಯಾಟೊ, ಪುಠಾಣಿ ಹಿಟ್ಟು, ಹುಣಸೆ ಬೆಲ್ಲದ ಗೊಜ್ಜು, ಕೊತ್ತಂಬರಿ. ಮಕ್ಕಳು ಕೈತೊಳೆದು ಬಂದು, ತಮಗೆ ಬೇಕಾದುದನ್ನು ತಾವೇ ಆರಿಸಿಕೊಂಡು, ತಾವೇ ಗಿರ್ಮಿಟ್ ಕಲಸಿಕೊಂಡರು. ಗಜ್ಜರಿಯನ್ನು ಎಂದೂ ಮುಟ್ಟದವನೆಂದು ತಾಯಿಯು ದೂರುತ್ತಿದ್ದ ಹುಡುಗನು ಅದನ್ನೇ ಮತ್ತೆ ಮತ್ತೆ ಹಾಕಿಕೊಂಡನು, ತಾನೇ ಕಲಸಿದ್ದನ್ನು ಬಿಡುವುದು ಯಾವ ಮಗುವಿಗೂ ಆಗದ ಕೆಲಸವಷ್ಟೆ. ಒಲೆಯ ಮೇಲಿನ ಕೆಲಸವೆಂದರೆ ಮುನ್ನಾದಿನ ಮಂಡಕ್ಕಿಗೆ ಹಾಕಿಟ್ಟ ಅರಿಸಿನದ ಒಗ್ಗರಣೆಯೊಂದೇ. ಸಂಜೆ ಆರಕ್ಕೆ ಎಲ್ಲವೂ ಮುಗಿದು, ಆ ತಾಯಿಯು ಕಟ್ಟೆಯ ಮೇಲೆ ನಮ್ಮೊಡನೆ ಕುಳಿತು ಚಹಾ ಕುಡಿದಳು. ಮಗಳ ಹುಟ್ಟುಹಬ್ಬದಲ್ಲಿ ತಾಯಿಯು ಕುಳಿತುದನ್ನು ನಾನು ಕಂಡುದು ಬಲು ಅಪರೂಪ.

ಅಳತೆಯ ಮಾತನ್ನೂ ಹೇಳಿಬಿಡುವೆನು, ಏಕೆಂದರೆ ಅಳತೆ ತಿಳಿಯದ ಭಯದಿಂದಲೇ ಎಷ್ಟೋ ಮಂದಿ ಅಂಗಡಿಗೆ ಹೋಗುತ್ತಾರೆ. ಇಪ್ಪತ್ತು ಮಕ್ಕಳಿಗೆ ಅರ್ಧ ಕಿಲೊ ಮಂಡಕ್ಕಿ ಧಾರಾಳವಾಗಿ ಸಾಕು, ನೋಡಲು ಅದು ಬೆಟ್ಟದಷ್ಟಿರುತ್ತದೆ. ಪಡ್ಡು ಮಾಡುವುದಾದರೆ ಒಂದು ಕಿಲೊ ಅಕ್ಕಿಗೆ ಕಾಲು ಕಿಲೊ ಉದ್ದಿನಬೇಳೆ, ಒಂದು ಹಿಡಿ ಅವಲಕ್ಕಿ, ಒಂದು ಚಮಚ ಮೆಂತ್ಯ. ಹಿಂದಿನ ಸಂಜೆ ರುಬ್ಬಿಟ್ಟರೆ ಮರುದಿನ ನೂರಕ್ಕೆ ಕಡಿಮೆಯಿಲ್ಲದಂತೆ ಪಡ್ಡು ಏಳುತ್ತವೆ, ತಲೆಗೆ ಐದರಂತೆ. ಹನ್ನೆರಡು ಕುಳಿಯ ಹಂಚಾದರೆ ಮುಕ್ಕಾಲು ಗಂಟೆಯ ಕೆಲಸ. ಪಕ್ಕದ ಮನೆಯ ಹಂಚನ್ನೂ ಎರವಲು ತಂದರೆ ಅದರ ಅರ್ಧ. ಹಿಟ್ಟಿಗೆ ಹಸಿಮೆಣಸಿನಕಾಯಿಯ ಬದಲು ತುರಿದ ಗಜ್ಜರಿ ಸೇರಲಿ, ಚಟ್ನಿಗೆ ಡಬ್ಬಿ ತಳಿಯ ಒಂದೆರಡು ಮೆಣಸಿನಕಾಯಿ ಸೇರಲಿ: ಗೋಬಿಯ ಕೆಂಪಿಗೆ ಆಸೆಪಟ್ಟ ಕಣ್ಣುಗಳಿಗೆ ಕೆಂಪೂ ಸಿಕ್ಕಿತು, ನಾಲಗೆಗೆ ಉರಿಯೂ ತಪ್ಪಿತು. ಕೊಳ್ಳುವಾಗ ಮಾತ್ರ ಕೇಳಿ ಕೊಳ್ಳಿರಿ. ಆಂಧ್ರದ ಕಡೆಯ ಖಾರದ ತಳಿಗಳೂ ಈಗ ಬ್ಯಾಡಗಿಯ ಮಾರುಕಟ್ಟೆಯಲ್ಲಿಯೇ ಮಾರಾಟವಾಗುತ್ತವೆ. ಶೇಂಗಾ ಉಂಡಿಗೆ ಅರ್ಧ ಕಿಲೊ ಹುರಿದ ಶೇಂಗಾ, ಮುನ್ನೂರು ಗ್ರಾಂ ಬೆಲ್ಲ, ಏಲಕ್ಕಿಯ ಊರೆನಿಸಿದ ಹಾವೇರಿಯವರ ಮರ್ಯಾದೆಗಾಗಿ ನಾಲ್ಕು ಏಲಕ್ಕಿ. ಕೂಡಿಸಿ ಕುಟ್ಟಿ ಕಟ್ಟಿದರೆ ಸಣ್ಣವು ನಲವತ್ತರವರೆಗೆ ಆಗುತ್ತವೆ, ಒಲೆ ಬೇಕಾಗುವುದು ಹುರಿಯುವುದಕ್ಕೆ ಮಾತ್ರ. ಇಷ್ಟಕ್ಕೂ ಬಿಡುವಿಲ್ಲದವರು ಋತುವನ್ನೇ ನಂಬಬಹುದು: ಮಳೆಗಾಲದಲ್ಲಿ ಈ ಜಿಲ್ಲೆಯ ಹೊಲಗಳ ತುಂಬ ಇರುವ ಗೋವಿನಜೋಳದ ಎಳೆಯ ತೆನೆಗಳನ್ನು ಉಪ್ಪುನೀರಿನಲ್ಲಿ ಬೇಯಿಸಿ ತುಂಡು ಮಾಡಿ ಕೊಟ್ಟರಾಯಿತು, ಬೇಸಗೆಯಲ್ಲಿ ಕಲ್ಲಂಗಡಿ, ಉಳಿದ ಕಾಲದಲ್ಲಿ ಬಾಳೆ, ಪೇರಲ, ಚಿಕ್ಕು. ಸವಣೂರಿನ ಖಾರವೆಂಬ ಕುರುಕಲನ್ನು ದೊಡ್ಡವರಿಗೆಂದು ಕಾದಿರಿಸಿರಿ. ಅದರ ವಿಷಯದಲ್ಲಿ ನಾನು ಪಕ್ಷಪಾತಿ.

ಕುಡಿಯಲು ಮಜ್ಜಿಗೆ ಅಥವಾ ತೆಳುವಾದ ಬೆಲ್ಲದ ಪಾನಕ. ಸಕ್ಕರೆಯಂಥ ಪದಾರ್ಥಗಳಿಂದ ಬರುವ ಶಕ್ತಿಯು ದಿನದ ಆಹಾರದ ಒಟ್ಟು ಶಕ್ತಿಯ ನೂರಕ್ಕೆ ಹತ್ತರ ಒಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಶಿಫಾರಸು ಮಾಡಿತು. ಐದಾರು ವರ್ಷದ ಮಗುವಿಗೆ ಅದು ಸುಮಾರು 35 ಗ್ರಾಂ. 300 ಮಿಲಿಲೀಟರಿನ ಒಂದು ಸೀಸೆ ಕೋಲಾದಲ್ಲಿಯೇ 30 ಗ್ರಾಂಗಿಂತ ಮೇಲ್ಪಟ್ಟು ಇರುತ್ತದೆ. ಕೇಕು ಇನ್ನೂ ಲೆಕ್ಕಕ್ಕೆ ಬಂದಿಲ್ಲವೆಂಬುದನ್ನು ಗಮನಿಸಬೇಕು. ಬೆಲ್ಲವೂ ಈ ಲೆಕ್ಕದ ಒಳಗಿನದೇ. ಬೆಲ್ಲವೆಂದರೆ ಔಷಧವೆಂದು ತಿಳಿದು ಪಾನಕವನ್ನು ಪಾಕವಾಗಿಸಬೇಡಿರಿ.

ಎಚ್ಚರಿಕೆಯ ಮೂರು ಮಾತುಗಳಿವೆ. ಇವು ರುಚಿಯ ವಿಷಯವಲ್ಲ, ಪ್ರಾಣದ ವಿಷಯ. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡಿಯ ಶೇಂಗಾಕಾಳು, ಗುಗ್ಗರಿಯ ಗಟ್ಟಿ ಕಡಲೆ, ಇಡಿಯ ದ್ರಾಕ್ಷಿ ಇವುಗಳನ್ನು ಕೊಡಲೇಬಾರದು. ಓಡುತ್ತ ನಗುತ್ತ ತಿನ್ನುವಾಗ ಉಸಿರಿನ ಕೊಳವೆಗೆ ಸಿಕ್ಕಿಕೊಳ್ಳುತ್ತವೆ. ಶೇಂಗಾ ನುಣ್ಣಗೆ ಪುಡಿಯಾಗಿರಲಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿರಿ, ಮಂಡಕ್ಕಿಯನ್ನು ಚಿಕ್ಕವರು ಕುಳಿತೇ ತಿನ್ನಲಿ. ಬೂಸು ಹಿಡಿದ ಶೇಂಗಾವನ್ನು ಹುರಿದರೆ ಸರಿಹೋದೀತೆಂದು ತಿಳಿಯದೆ ಚೆಲ್ಲಿಬಿಡಿರಿ. ಮತ್ತು ಕರೆಯಲು ಹೋದಾಗಲೇ, ‘ನಿಮ್ಮ ಹುಡುಗ್ಗ ಯಾವದರ ಒಗ್ಗೂದಿಲ್ಲೇನ್ರಿ?’ ಎಂದು ಕೇಳುವ ರೂಢಿಯನ್ನು ಹಾಕಿಕೊಳ್ಳಿರಿ. ಶೇಂಗಾ ಒಗ್ಗದ ಮಗುವೊಂದು ಬರುವುದಾದರೆ ಅಂದಿನ ಉಂಡಿಯು ಪುಠಾಣಿಯದಾಗಲಿ.

ತಂದೆಯರಲ್ಲಿ ಪ್ರತ್ಯೇಕವಾಗಿ ಒಂದು ಬೇಡಿಕೆ. ಇಂಥ ಸಮಾರಂಭಗಳಲ್ಲಿ ತಾವು ಹಣ ಕೊಟ್ಟು, ಬಾಗಿಲಲ್ಲಿ ನಿಂತು, ಬಂದವರನ್ನು ಬರ್ರಿ ಬರ್ರಿ ಎಂದು ಉಪಚರಿಸುವಲ್ಲಿಗೆ ಕರ್ತವ್ಯವು ತೀರಿತೆಂದು ಭಾವಿಸುವಿರಿ. ಪಡ್ಡು ತಿರುವಿ ಹಾಕುವುದು ಗಂಡಸರಿಗೆ ಅಸಾಧ್ಯವಾದ ವಿದ್ಯೆಯಲ್ಲ. ರಾಣೇಬೆನ್ನೂರಿನ ಖಾನಾವಳಿಗಳಲ್ಲಿಯೂ ಬಂಡಿಗಳಲ್ಲಿಯೂ ಅದನ್ನು ಮಾಡುತ್ತಿರುವವರು ಬಹುಮಟ್ಟಿಗೆ ಗಂಡಸರೇ. ಸೌತೆಕಾಯಿ ಹೆಚ್ಚುವುದನ್ನು ತಾವೂ, ಉಂಡಿ ಕಟ್ಟುವುದನ್ನು ಮಕ್ಕಳೂ ವಹಿಸಿಕೊಂಡರೆ, ಹುಟ್ಟುಹಬ್ಬವು ಹಿಂದಿನ ಸಂಜೆಯಿಂದಲೇ ಆರಂಭವಾದಂತಾಗುತ್ತದೆ.

ಉಳ್ಳವರಾದ ತಮ್ಮಲ್ಲಿ ಇನ್ನೊಂದು ಪ್ರಾರ್ಥನೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. ಶಾಲೆಯ ಬಿಸಿಯೂಟದ ಸಾಲಿನಲ್ಲಿ ದಲಾಲರ ಮಗನೂ ಹಮಾಲರ ಮಗಳೂ ಒಂದೇ ಸಾರು ಉಂಡು ಏಳುವುದನ್ನು ನಾನು ವರ್ಷಗಟ್ಟಲೆ ನೋಡಿ ಸಂತೋಷಪಟ್ಟವಳು. ಅದೇ ಮಕ್ಕಳ ನಡುವೆ ಹುಟ್ಟುಹಬ್ಬದ ಪೆಟ್ಟಿಗೆಗಳು ಪೈಪೋಟಿಯನ್ನು ತಂದಿಡುತ್ತಿವೆ: ಇವರ ಮನೆಯ ಕೇಕು ಎರಡು ಅಂತಸ್ತಿನದು, ಅವರ ಮನೆಯಲ್ಲಿ ಮರಳುವಾಗ ಕೊಟ್ಟ ಉಡುಗೊರೆ ಇಷ್ಟು ಬೆಲೆಯದು ಎಂಬ ವರದಿಯು ಮರುದಿನ ಪ್ರಾರ್ಥನೆಗೆ ಮೊದಲೇ ಶಾಲೆಯ ಅಂಗಳದಲ್ಲಿ ಹಬ್ಬುತ್ತದೆ, ಆ ವರದಿಯನ್ನು ಹೊತ್ತು ಮನೆಗೆ ಹೋಗುವ ಮಗುವಿನಿಂದಲೇ ಬಡ ತಾಯಿಯ ಸಾಲವು ಹುಟ್ಟುತ್ತದೆ. ಉಳ್ಳವರು ಮಂಡಕ್ಕಿಯ ಪರಾತವನ್ನು ಅಂಗಳಕ್ಕೆ ತಂದರೆ ಇಲ್ಲದವರಿಗೆ ಅದನ್ನು ತರಲು ನಾಚಿಕೆಯಾಗುವುದಿಲ್ಲ. ಮೊದಲ ಹೆಜ್ಜೆಯನ್ನು ಇಡುವ ಭಾರವು ಆದುದರಿಂದ ತಮ್ಮದೇ.

ಶಾಲೆಯ ಆವರಣಕ್ಕೆ ಸಿಹಿ ಕಳುಹಿಸುವವರು ಚಾಕೊಲೇಟಿನ ಬದಲು ಬಾಳೆಯ ಗೊನೆಯೊಂದನ್ನೋ ಉಂಡಿಯ ಡಬ್ಬಿಯನ್ನೋ ಕಳುಹಿಸಲಿ. ಸಮಾರಂಭವು ಸಂಜೆ ನಾಲ್ಕಕ್ಕೆ ಆರಂಭವಾಗಿ ಆರೂವರೆಗೆ ಮುಗಿಯಲಿ. ಮಕ್ಕಳು ಬಂದೊಡನೆ ತಿನಿಸು, ಆಮೇಲೆ ಆಟ, ಕೊನೆಗೆ ಕೇಕು. ಹಸಿದ ಮಗುವಿನ ಎದುರು ಮೊದಲು ಸಿಹಿಯನ್ನಿಟ್ಟು ಆಮೇಲೆ ಪಡ್ಡು ತಿನ್ನೆಂದು ಗದರುವುದು ನ್ಯಾಯವಲ್ಲ. ಮುತ್ತುಗದ ಎಲೆಯೋ ಅಡಿಕೆ ಹಾಳೆಯೋ ತಟ್ಟೆಯಾಗಲಿ.

ಇಷ್ಟನ್ನು ಒಮ್ಮೆ ಪರೀಕ್ಷಿಸಿ ನೋಡಿರೆಂದು ಬೇಡುತ್ತೇನೆ. ಮಕ್ಕಳಿಗೆ ಸೊಗಸದಿದ್ದರೆ ಮುಂದಿನ ವರ್ಷ ತಮ್ಮ ಇಚ್ಛೆಯಂತೆ ನಡೆಯಬಹುದು. ಈ ಶ್ರಾವಣದೊಳಗೆ ಯಾರ ಮನೆಯಲ್ಲಾದರೂ ಹುಟ್ಟುಹಬ್ಬವಿದ್ದು, ಕೆಲಸಕ್ಕೊಬ್ಬರು ಕಡಿಮೆಯೆಂದು ತೋರಿದರೆ, ಹಿಂಜರಿಯದೆ ಹೇಳಿಕಳುಹಿಸಿರಿ. ಮೂರು ಗಂಟೆಗೇ ಬರುತ್ತೇನೆ, ನನ್ನ ಮನೆಯ ಪಡ್ಡಿನ ಹಂಚನ್ನೂ ತರುತ್ತೇನೆ.

ಇಂತು ತಮ್ಮ ಹಾಗೂ ತಮ್ಮ ಮಕ್ಕಳ ಶ್ರೇಯಸ್ಸನ್ನು ಬಯಸುವ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಹಾವೇರಿ